ಎಡಗಡೆಯ ಡ್ರೈವ್ ಶಾಫ್ಟ್ ಡಿಫರೆನ್ಷಿಯಲ್‌ನಲ್ಲಿ ಅಲುಗಾಡುತ್ತಿದೆ: ಎಷ್ಟು ಸಡಿಲ ಸಹಜ, ಎಷ್ಟು ಅಪಾಯ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2004ರ ಮಾರುತಿ 800 ಇದೆ. ತಂದೆಯವರು ಕೊಂಡ ಕಾರಾದ್ದರಿಂದ ಅದನ್ನು ಮಾರುವ ಯೋಚನೆ ನಮಗಿಲ್ಲ. ಮೂರು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಬದಲಾಯಿಸುವುದಕ್ಕಾಗಿ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸಿದರು. ಹದಿನೈದು ದಿನ ಕಳೆಯುವಷ್ಟರಲ್ಲಿ ಅಂಗಳದ ಸಿಮೆಂಟಿನ ಮೇಲೆ, ಎಡ ಮುಂಚಕ್ರದ ಒಳಬದಿಗೆ, ಎಣ್ಣೆಯ ಕಲೆ ಕಾಣಿಸತೊಡಗಿತು. ಮೊದಲು ರೂಪಾಯಿ ನಾಣ್ಯದಷ್ಟಿದ್ದ ಕಲೆ ಈಗ ಅಂಗೈ ಅಗಲವಾಗಿದೆ. ಕಳೆದ ವಾರ ಆಗುಂಬೆ ಘಾಟಿ ಇಳಿದು ಮರಳಿ ಹತ್ತಿ ಬಂದ ಮೇಲೆ, ಮೊದಲನೆಯ ಗೇರಿನಲ್ಲಿ ಕ್ಲಚ್ ಬಿಡುವಾಗ ಎಡಗಡೆಯಿಂದ ‘ಟಕ್’ ಎಂಬ ಸದ್ದೂ ಬರುತ್ತಿದೆ.

ನಾನೇ ಕೆಳಗೆ ಮಲಗಿ ಡ್ರೈವ್ ಶಾಫ್ಟನ್ನು (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಸರಳನ್ನು) ಕೈಯಲ್ಲಿ ಹಿಡಿದು ನೋಡಿದೆ. ಅದು ಒಳಕ್ಕೂ ಹೊರಕ್ಕೂ ಸುಮಾರು ಒಂದು ಬೆರಳಿನಗಲ ಜಾರುತ್ತದೆ. ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಒಳಗೆ ಹೋಗುವ ಜಾಗದಲ್ಲಿ ಮೇಲೆ ಕೆಳಗೆ ಕೂಡ ಸ್ವಲ್ಪ ಅಲುಗಾಡುತ್ತದೆ. ಒಬ್ಬ ಮೆಕ್ಯಾನಿಕ್ ಡಿಫರೆನ್ಷಿಯಲ್ ಸವೆದುಹೋಗಿದೆ, ಹಳೆಯ ಗೇರ್‌ಬಾಕ್ಸ್ ಒಂದನ್ನು ತಂದು ಕೂರಿಸೋಣ ಎನ್ನುತ್ತಾರೆ. ಇನ್ನೊಬ್ಬರು ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಹಾಕಿದರೆ ಸಾಕು ಎನ್ನುತ್ತಾರೆ. ತಾಯಿಯವರನ್ನು ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ತಪಾಸಣೆಗೆ ಕರೆದೊಯ್ಯಬೇಕಾಗಿರುವುದರಿಂದ, ದಾರಿಯಲ್ಲಿ ಕೈಕೊಡುವ ಸ್ಥಿತಿಯಲ್ಲಿ ಕಾರನ್ನು ಇಟ್ಟುಕೊಳ್ಳಲು ಮನಸ್ಸಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬಯಲುಸೀಮೆ

ಮೊದಲು ಗೇರ್ ಆಯಿಲ್ ಎಷ್ಟಿದೆ ಎಂದು ನೋಡಿಸಿ. ಅದನ್ನು ನೋಡುವ ತನಕ ಘಟ್ಟ ಇಳಿಯಬೇಡಿ.

ಗ್ರೀಸ್ ಕೈ

ಹಾಸನದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ, ಅದರ ಆಧಾರದ ಮೇಲೆ ಬರೆಯುತ್ತಿದ್ದೇನೆ. ತುಂಗಾತೀರ ಅವರೇ, ನೀವು ‘ಸಡಿಲ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳಿದ್ದೀರಿ. ಅವುಗಳನ್ನು ಬಿಡಿಸಿ ನೋಡದೆ ಗೇರ್‌ಬಾಕ್ಸ್ ಬದಲಾಯಿಸುವುದು ಬೇಡ.

ಶಾಫ್ಟ್ ಒಳಹೊರಗೆ ಜಾರುವುದು ದೋಷವಲ್ಲ. ಮುಂಚಕ್ರ ಮೇಲೆ ಕೆಳಗೆ ಆಡುವಾಗ ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ದೂರ ಹೆಚ್ಚುಕಡಿಮೆ ಆಗುತ್ತದೆ, ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದಕ್ಕೆಂದೇ ಒಳಗಿನ ಜಾಯಿಂಟನ್ನು (ಶಾಫ್ಟಿನ ಒಳತುದಿಯ ಕೀಲನ್ನು) ಜಾರುವ ಹಾಗೆ ಮಾಡಿರುತ್ತಾರೆ. ಅದು ಮೂರು ರೋಲರ್‌ಗಳ ಟ್ರೈಪಾಡ್ ಆಗಿರಲಿ, ಗುಂಡುಗಳಿರುವ ಜಾಯಿಂಟ್ ಆಗಿರಲಿ, ಅದನ್ನು ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಬೂಟಿನೊಳಗೆ ಶಾಫ್ಟ್ ಜಾರಲೇಬೇಕು. ಜಾರದೆ ಬಿಗಿಯಾಗಿದ್ದರೆ ಆಗ ಚಿಂತಿಸಬೇಕು.

ನೋಡಬೇಕಾದದ್ದು ಜಾಯಿಂಟಿನ ಮೈಯನ್ನು, ಅಂದರೆ ಬೂಟಿನ ದೊಡ್ಡ ಬಾಯಿ ಕೂತಿರುವ ಕಬ್ಬಿಣದ ಬಟ್ಟಲನ್ನು. ಆ ಬಟ್ಟಲಿನ ಬಾಲದಲ್ಲಿ ಹಲ್ಲುಗಳಿರುತ್ತವೆ, ಹಲ್ಲುಗಳ ತುದಿಯ ಗೀರಿನಲ್ಲಿ ತಂತಿಯಂಥ ಒಂದು ಉಂಗುರ ಕೂತಿರುತ್ತದೆ. ನಾವು ಅದನ್ನು ಲಾಕ್ ಅನ್ನುತ್ತೇವೆ, ಪುಸ್ತಕದಲ್ಲಿ ಸರ್ಕ್ಲಿಪ್ ಅಥವಾ ಸ್ನ್ಯಾಪ್ ರಿಂಗ್ ಎಂದಿರುತ್ತದೆ. ಡಿಫರೆನ್ಷಿಯಲ್ ಒಳಗಿನ ಸೈಡ್ ಗೇರನ್ನು ದಾಟಿದ ಕೂಡಲೇ ಉಂಗುರ ಅರಳಿಕೊಂಡು ಹಿಡಿಯುತ್ತದೆ. ಆ ಬಟ್ಟಲು ಹಿಡಿದು ಎಳೆದಾಗ ಹೊರಕ್ಕೆ ಬರುತ್ತಿದೆಯೆಂದರೆ ಲಾಕ್ ಕೂತಿಲ್ಲ ಅಥವಾ ಸತ್ತಿದೆ ಎಂದರ್ಥ. ನಿಮ್ಮದು ಕ್ಲಚ್ ಕೆಲಸವಾದ ಮೇಲೆ ಶುರುವಾದ ತೊಂದರೆ, ಹಾಗಾಗಿ ನನ್ನ ಅನುಮಾನವೆಲ್ಲ ಅಲ್ಲಿಯೇ ಇದೆ. ಗೇರ್‌ಬಾಕ್ಸ್ ಇಳಿಸುವುದಕ್ಕೆ ಶಾಫ್ಟ್ ಎಳೆಯಲೇಬೇಕು. ಎಳೆದ ಮೇಲೆ ಹೊಸ ಲಾಕ್ ಹಾಕದೆ ಹಳೆಯದನ್ನೇ ತುರುಕುವವರು ಬಹಳ ಜನ.

ಇನ್ನೊಂದು ಎಚ್ಚರಿಕೆ. ಪರೀಕ್ಷೆ ಮಾಡುವಾಗ ಶಾಫ್ಟಿನ ನಡುಮೈ ಹಿಡಿದು ಜೋರಾಗಿ ಎಳೆಯಬೇಡಿ. ರೋಲರ್‌ಗಳು ಬಟ್ಟಲಿನಿಂದ ಕಳಚಿಕೊಂಡು ಬೂಟಿನೊಳಗೆ ಬಿದ್ದರೆ ಇಲ್ಲದ ಕೆಲಸವೊಂದು ಹುಟ್ಟಿಕೊಳ್ಳುತ್ತದೆ.

ಓಮ್ನಿ ಸವಾರ

ಒಳಹೊರಗೆ ಜಾರುವುದು ಸಹಜ ಎಂದು ಇಷ್ಟು ಧೈರ್ಯವಾಗಿ ಹೇಳುವುದು ಸರಿಯಲ್ಲ. ನನ್ನ ಓಮ್ನಿಯಲ್ಲಿ ಹಿಂದಿನ ಬಲಚಕ್ರ ಹೀಗೆಯೇ ಸ್ವಲ್ಪ ಒಳಹೊರಗೆ ಆಡುತ್ತಿತ್ತು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಮುಂದೂಡುತ್ತಿರುವಾಗ, ಚನ್ನರಾಯಪಟ್ಟಣದ ಹತ್ತಿರ ಚಕ್ರ, ಡ್ರಮ್ ಮತ್ತು ಆಕ್ಸಲ್ ಮೂರೂ ಒಟ್ಟಿಗೆ ಅರ್ಧ ಅಡಿ ಹೊರಕ್ಕೆ ಬಂದು ನಿಂತವು. ಮಕ್ಕಳು ಗಾಡಿಯಲ್ಲಿದ್ದರು. ಆ ಹೊತ್ತಿನ ಹೆದರಿಕೆ ಇವತ್ತಿಗೂ ಹೋಗಿಲ್ಲ. ಆಕ್ಸಲ್ ಆಡಬಾರದು, ಅಷ್ಟೇ.

ಗ್ರೀಸ್ ಕೈ

ಓಮ್ನಿ ಸವಾರರೇ, ನಿಮಗಾದದ್ದು ನಿಜವಾದ ಅಪಾಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಓಮ್ನಿ ಹಿಂಚಕ್ರ ಚಾಲನೆಯ ಗಾಡಿ, ಅದರ ಏರ್ಪಾಟೇ ಬೇರೆ. ಅಲ್ಲಿ ಆಕ್ಸಲಿನ ಒಳತುದಿಯ ಹಲ್ಲುಗಳು ಡಿಫರೆನ್ಷಿಯಲ್ ಗೇರಿನೊಳಗೆ ಸುಮ್ಮನೆ ಹೊಕ್ಕಿರುತ್ತವೆ. ಒಳಗೆ ಯಾವ ಲಾಕೂ ಇರುವುದಿಲ್ಲ. ಇಡೀ ಆಕ್ಸಲನ್ನು ಹಿಡಿದಿಡುವುದು ಚಕ್ರದ ಕಡೆಯ ಬೇರಿಂಗ್ ಮತ್ತು ಅದರ ಹಿಂದೆ ಪ್ರೆಸ್ಸಿನಲ್ಲಿ ಕೂರಿಸಿದ ಉಂಗುರ. ಆ ಉಂಗುರ ಜಾರಿದರೆ ಚಕ್ರವೇ ಹೊರನಡೆಯುತ್ತದೆ. ಹಾಗೆ ಜಾರುವ ಮೊದಲು ಬಹಳ ಸಲ ಬ್ರೇಕ್ ಡ್ರಮ್ಮಿನೊಳಗೆ ಎಣ್ಣೆ ಇಳಿದಿರುತ್ತದೆ, ಬ್ರೇಕ್ ಒಂದು ಕಡೆಗೆ ಎಳೆಯುತ್ತಿರುತ್ತದೆ. ಮಾರುತಿ 800ರಲ್ಲಿ ಇದು ತಿರುಗುಮುರುಗು: ಹೊರತುದಿಯನ್ನು ಚಕ್ರದ ನಡುವಿನ ಹಬ್ ನಟ್ ಬಿಗಿಯಾಗಿ ಹಿಡಿದಿರುತ್ತದೆ, ಒಳತುದಿಯನ್ನು ಸಣ್ಣ ಲಾಕ್ ಹಿಡಿದಿರುತ್ತದೆ, ನಡುವೆ ಜಾರುವ ಜಾಯಿಂಟ್ ಇರುತ್ತದೆ.

ದೊಡ್ಡ ಲಾರಿಗಳಲ್ಲಿ ಮೂರನೆಯ ಬಗೆ. ಅಲ್ಲಿ ಗಾಡಿಯ ಭಾರವನ್ನು ಆಕ್ಸಲ್ ಹೊರುವುದೇ ಇಲ್ಲ, ಅದರ ಹೊರಗಿನ ಕವಚವಾದ ಹೌಸಿಂಗ್ ಹೊರುತ್ತದೆ. ಹಬ್ಬಿನ ಬೋಲ್ಟ್ ಬಿಚ್ಚಿ ಆಕ್ಸಲನ್ನು ಎಳೆದು ತೆಗೆದರೂ ಚಕ್ರ ಅಲ್ಲೇ ಇರುತ್ತದೆ.

ಅಳತೆಗೋಲು

ಈ ಗೊಂದಲಕ್ಕೆ ಒಂದು ಹಿನ್ನೆಲೆಯೂ ಇದೆ ಎಂದು ನನಗೆ ಅನ್ನಿಸುತ್ತದೆ. ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು ನಮ್ಮ ಊರುಗಳಲ್ಲಿ ಕೆಲಸ ಕಲಿತವರೆಲ್ಲ ಅಂಬಾಸಿಡರ್, ಫಿಯೆಟ್ ಮತ್ತು ಜೀಪುಗಳ ಹಿಂದಿನ ಆಕ್ಸಲಿನಲ್ಲಿಯೇ ಕೈ ಪಳಗಿಸಿಕೊಂಡವರು. ಆಕ್ಸಲ್ ಅಲುಗಾಡಿದರೆ ಬೇರಿಂಗ್ ಹೋಗಿದೆ ಎಂಬ ಅವರ ಲೆಕ್ಕ ಆ ಗಾಡಿಗಳಿಗೆ ಸರಿಯಾಗಿತ್ತು. ಮುಂಚಕ್ರ ಚಾಲನೆಯ ಕಾರಿಗೂ ಅದೇ ಲೆಕ್ಕವನ್ನು ಹಾಕಿದಾಗ ಒಳ್ಳೆಯ ಗೇರ್‌ಬಾಕ್ಸ್ ಗುಜರಿಗೆ ಹೋಗುತ್ತದೆ.

ಶಾಫ್ಟ್ ಮೇಲಕ್ಕೂ ಕೆಳಕ್ಕೂ ಅಲುಗಾಡುತ್ತದೆ ಎಂದು ತುಂಗಾತೀರ ಅವರು ಕೇಳಿದ ವಿಷಯಕ್ಕೆ ಬರುತ್ತೇನೆ. ಡಿಫರೆನ್ಷಿಯಲ್ ಒಳಗಿನ ಸೈಡ್ ಗೇರ್ ತನ್ನ ಗೂಡಿನಲ್ಲಿ ಎಣ್ಣೆಯ ಪದರದ ಮೇಲೆ ತಿರುಗುತ್ತದೆ, ಅದಕ್ಕೆಂದು ಪ್ರತ್ಯೇಕವಾದ ಗುಂಡಿನ ಬೇರಿಂಗ್ ಇರುವುದಿಲ್ಲ. ಜಾಯಿಂಟಿನ ಬಾಲ ಆ ಗೇರಿನ ಹಲ್ಲುಗಳಲ್ಲಿ ಜಾರಿ ಕೂರುವಂಥದ್ದಾದ್ದರಿಂದ ಅಲ್ಲಿಯೂ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ಈ ಎರಡು ಸಣ್ಣ ಸಡಿಲಗಳು ಸೇರಿ ಬಟ್ಟಲಿನ ಅಂಚಿನಲ್ಲಿ ಕಣ್ಣಿಗೆ ಕಾಣುವ ಅಲುಗಾಟವಾಗುತ್ತದೆ. ಆದ್ದರಿಂದ ಎಡಗಡೆಯದನ್ನು ಒಂಟಿಯಾಗಿ ನೋಡಿ ತೀರ್ಪು ಕೊಡಬೇಡಿ. ಅದೇ ಕಾರಿನ ಬಲಗಡೆಯ ಜಾಯಿಂಟನ್ನೂ ಅಷ್ಟೇ ಬಲದಿಂದ ಅಲುಗಾಡಿಸಿ ಹೋಲಿಸಿ. ಎರಡೂ ಒಂದೇ ತೆರನಾಗಿದ್ದರೆ ಡಿಫರೆನ್ಷಿಯಲ್ ಮೇಲೆ ಅನುಮಾನ ಪಡಬೇಕಾಗಿಲ್ಲ. ಎಡಗಡೆ ಮಾತ್ರ ಎದ್ದು ಕಾಣುವಷ್ಟು ಹೆಚ್ಚು ಅಲುಗಾಡುತ್ತಿದ್ದರೆ ಗೂಡು ಸವೆದಿರಬಹುದು, ಆಗ ಸೀಲ್ ಎಷ್ಟು ಸಲ ಹಾಕಿದರೂ ಅದರ ತುಟಿ (ಶಾಫ್ಟಿಗೆ ತಾಗುವ ಒಳ ಅಂಚು) ಒಂದು ಬದಿಗೆ ಒತ್ತಿಕೊಂಡು ಮತ್ತೆ ಸೋರುತ್ತದೆ.

ಮತ್ತೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಸಮತಟ್ಟಾದ ನೆಲದಲ್ಲಿ ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎರಡೂ ಮುಂಚಕ್ರಗಳನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ ಗೇರಿನಲ್ಲಿ ಬಿಡಿ. ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಬೇಕು. ಒಂದು ತಿರುಗುತ್ತಿದ್ದು ಇನ್ನೊಂದು ಸುಮ್ಮನಿದ್ದರೆ, ಎಲ್ಲೋ ಒಂದು ಕಡೆ ಶಾಫ್ಟ್ ಕಳಚಿದೆ ಅಥವಾ ಮುರಿದಿದೆ.

ಹೊಸ ಲೈಸೆನ್ಸ್

ನಾನು ಈ ಪರೀಕ್ಷೆ ಮಾಡಿದೆ, ಎರಡೂ ಚಕ್ರ ಒಂದೇ ದಿಕ್ಕಿಗೆ ತಿರುಗಿದವು. ನನ್ನ ಡಿಫರೆನ್ಷಿಯಲ್ ಕೆಟ್ಟಿದೆಯೇ?

ಅಳತೆಗೋಲು

ನ್ಯೂಟ್ರಲ್‌ನಲ್ಲಿ ನೋಡಿದಿರಾ? ನ್ಯೂಟ್ರಲ್‌ನಲ್ಲಿ ಡಿಫರೆನ್ಷಿಯಲ್ ಗೂಡು ಬಿಡುವಾಗಿ ತಿರುಗಬಲ್ಲದು, ಆದ್ದರಿಂದ ಎಲ್ಲಿ ಎಷ್ಟು ಬಿಗಿತವಿದೆ ಎಂಬುದರ ಮೇಲೆ ಇನ್ನೊಂದು ಚಕ್ರ ಯಾವ ದಿಕ್ಕಿಗಾದರೂ ಹೋಗಬಹುದು. ಗೇರಿನಲ್ಲಿಟ್ಟು ನೋಡಿದರೆ ಮಾತ್ರ ಗೂಡು ಅಲುಗಾಡದೆ ನಿಂತಿರುತ್ತದೆ.

ಹೊಸ ಲೈಸೆನ್ಸ್

ಹೌದು, ನ್ಯೂಟ್ರಲ್‌ನಲ್ಲಿತ್ತು. ಈಗ ಗೇರಿನಲ್ಲಿ ನೋಡಿದೆ, ಎದುರುಬದುರಾಗಿ ತಿರುಗಿದವು. ಧನ್ಯವಾದಗಳು.

ಘಟ್ಟದ ದಾರಿ

ಲಾಕ್ ಬಿಟ್ಟರೆ ಏನಾಗುತ್ತದೆ ಎಂದು ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಚಾರ್ಮಾಡಿ ಘಾಟಿ ಹತ್ತುವಾಗ ಒಂದು ತಿರುವಿನಲ್ಲಿ ‘ಠಕ್’ ಎಂದು ಸದ್ದಾಗಿ ಕಾರು ನಿಂತುಹೋಯಿತು. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಕ್ಲಚ್ ಬಿಟ್ಟರೆ ಸ್ಪೀಡೋಮೀಟರ್ ಮುಳ್ಳು ಮೇಲೇರುತ್ತಿದೆ, ಆದರೆ ಕಾರು ಮಾತ್ರ ಒಂದು ಅಂಗುಲವೂ ಮುಂದೆ ಹೋಗುತ್ತಿಲ್ಲ. ಕ್ಲಚ್ ಪ್ಲೇಟ್ ಸುಟ್ಟಿದೆ ಎಂದೇ ನಾನು ತಿಳಿದೆ. ನಿಜವಾಗಿ ಆದದ್ದೆಂದರೆ ಎಡಗಡೆಯ ಜಾಯಿಂಟ್ ಡಿಫರೆನ್ಷಿಯಲ್‌ನಿಂದ ಹೊರಬಂದಿತ್ತು, ಎಂಜಿನ್ನಿನ ಬಲವೆಲ್ಲ ತಡೆಯಿಲ್ಲದ ಆ ಕಡೆಗೇ ಹರಿದು ಪೋಲಾಗುತ್ತಿತ್ತು.

ನಾನು ಮಾಡಿದ ತಪ್ಪು ಅದರ ನಂತರದ್ದು. ಇಳಿಜಾರಿನಲ್ಲಿ ಎಂದಿನ ಅಭ್ಯಾಸದಂತೆ ಗೇರಿನಲ್ಲಿ ಬಿಟ್ಟು ಇಳಿಯಲು ಹೊರಟೆ. ಶಾಫ್ಟ್ ಕಳಚಿದ ಕಾರನ್ನು ಗೇರ್ ಹಿಡಿದು ನಿಲ್ಲಿಸುವುದಿಲ್ಲ. ಕಾರು ಹಿಂದಕ್ಕೆ ಸರಿಯತೊಡಗಿತು. ಹೆಂಡತಿ ಕೂಗಿದ್ದರಿಂದ ಹ್ಯಾಂಡ್ ಬ್ರೇಕ್ ಎಳೆದೆ. ಹಾಗಾಗಿ ಇಂಥ ಅನುಮಾನ ಇರುವವರು ಮೊದಲು ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಕೆಳಗಿಳಿಯಬೇಕು.

ಓಮ್ನಿ ಸವಾರ

ಇದನ್ನು ಓದಿ ಮೈ ಜುಂ ಎಂದಿತು. ಗ್ರೀಸ್ ಕೈ ಅವರ ವಿವರಣೆಯನ್ನು ಒಪ್ಪುತ್ತೇನೆ. ನಮ್ಮ ಗಾಡಿಯ ಅನುಭವವನ್ನು ಎಲ್ಲ ಗಾಡಿಗೂ ಹೊಂದಿಸಿದ್ದು ನನ್ನ ತಪ್ಪು.

ರಾಯರ ಜೀಪು

ಹಲ್ಲುಗಳು ಸವೆದು ಸಡಿಲವಾಗಿದ್ದರೆ ಅದಕ್ಕೊಂದು ಸುಲಭದ ದಾರಿಯಿದೆ. ಬಾಲದ ಹಲ್ಲುಗಳ ಮೇಲೆ ನಾಲ್ಕು ಕಡೆ ಸೆಂಟರ್ ಪಂಚ್ (ಗುರುತು ಹಾಕುವ ಮೊನೆಯುಳ್ಳ ಉಕ್ಕಿನ ಕಡ್ಡಿ) ಹೊಡೆದರೆ ಉಬ್ಬು ಎದ್ದು ಬಿಗಿಯಾಗಿ ಕೂರುತ್ತದೆ. ನಮ್ಮ ಕಡೆ ಎಷ್ಟೋ ಗಾಡಿಗಳಿಗೆ ಹೀಗೆ ಮಾಡಿದ್ದಾರೆ.

ಗ್ರೀಸ್ ಕೈ

ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಆ ಹಲ್ಲುಗಳನ್ನು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಪಂಚ್ ಹೊಡೆದರೆ ಒಂದೋ ಪಂಚಿನ ಮೊನೆ ಮುರಿಯುತ್ತದೆ, ಇಲ್ಲವೇ ಹಲ್ಲಿನಲ್ಲಿ ಬಿರುಕು ಬೀಳುತ್ತದೆ. ಉಬ್ಬು ಎದ್ದರೂ ಅದು ಒಳಹೋಗುವಾಗ ಸೀಲಿನ ತುಟಿಯನ್ನು ಸೀಳಿಕೊಂಡೇ ಹೋಗುತ್ತದೆ. ಆ ಬಿಗಿತ ಸಾವಿರ ಕಿಲೋಮೀಟರ್ ಉಳಿಯುವುದಿಲ್ಲ, ಉದುರಿದ ಕಬ್ಬಿಣದ ಪುಡಿ ಮಾತ್ರ ಎಣ್ಣೆಯಲ್ಲಿ ಸೇರಿ ಗೇರ್‌ಬಾಕ್ಸ್ ಪೂರ್ತಿ ಓಡಾಡುತ್ತದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಗೇರಿಗೂ ಡಿಫರೆನ್ಷಿಯಲ್‌ಗೂ ಒಂದೇ ಎಣ್ಣೆ ಎಂಬುದನ್ನು ಮರೆಯಬಾರದು.

ರಾಯರ ಜೀಪು

ಜೀಪಿನಲ್ಲಿ ನಡೆದದ್ದನ್ನು ನೋಡಿ ಹೇಳಿದೆ. ಕಾರಿಗೆ ಮಾಡಿ ಎಂದು ಒತ್ತಾಯಿಸುವುದಿಲ್ಲ.

ಕಾರ್ಕಳದ ಓದುಗಿ

ಇಲ್ಲಿಯ ತನಕ ಯಾರೂ ಎಂಜಿನ್ನು, ಗೇರ್‌ಬಾಕ್ಸನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟಿಂಗ್ ವಿಷಯ ಎತ್ತಿಲ್ಲ. ನಮ್ಮ ಝೆನ್ ಕಾರಿನಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಅದೇ ಕಡೆಯ ಸೀಲ್ ಹಾಕಿಸಿದೆವು. ಮೂರನೆಯ ಸಲ ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತಿಸಿ, ಬ್ರೇಕ್ ಒತ್ತಿ ಹಿಡಿದುಕೊಂಡು ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಲು ನನಗೆ ಹೇಳಿ, ತಾವು ಪಕ್ಕಕ್ಕೆ ನಿಂತು ನೋಡಿದರು. ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಎರಡು ಅಂಗುಲ ಎದ್ದು ಬೀಳುತ್ತಿದ್ದವು. ಗೇರ್‌ಬಾಕ್ಸ್ ಹೊತ್ತಿರುವ ಮೌಂಟಿಂಗಿನ ರಬ್ಬರ್ ಹರಿದಿತ್ತು. ಗೇರ್‌ಬಾಕ್ಸ್ ಹಾಗೆ ಹೊರಳಿದಾಗಲೆಲ್ಲ ಜಾಯಿಂಟಿನ ಮೇಲೆ ಎಳೆತ ಬೀಳುತ್ತದೆ, ಸದ್ದೂ ಬರುತ್ತದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬುಷ್ ಸವೆದಿದ್ದರೂ ಚಕ್ರ ಹೊರಕ್ಕೆ ಸರಿದು ಇದೇ ಪರಿಣಾಮ ಆಗುತ್ತದೆಯಂತೆ.

ಗೇರ್‌ಬಾಕ್ಸಿನ ಮೇಲ್ಗಡೆ ಗಾಳಿ ಹೋಗುವ ಸಣ್ಣ ಬ್ರೀದರ್ ಇರುತ್ತದೆ, ಅದನ್ನೂ ನೋಡಿಸಿ. ಮಳೆಗಾಲದ ಕೆಸರಿನಿಂದ ಅದು ಮುಚ್ಚಿಕೊಂಡರೆ ಒಳಗೆ ಬಿಸಿಯಾದ ಗಾಳಿಗೆ ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ಹೊರದಬ್ಬುತ್ತದೆ.

ಗ್ರೀಸ್ ಕೈ

ಈ ತಾಯಿ ಹೇಳಿದ್ದು ನೂರಕ್ಕೆ ನೂರು ಸರಿ. ಮೌಂಟಿಂಗ್ ನೋಡಿ ಎಂದು ನಾನೇ ಮೊದಲು ಬರೆಯಬೇಕಾಗಿತ್ತು.

ಕಡಲಾಚೆ

ಕೆನಡಾದ ಒಂಟಾರಿಯೋದಿಂದ ಬರೆಯುತ್ತಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ನಮ್ಮ ಕಷ್ಟ ಇದಕ್ಕೆ ವಿರುದ್ಧವಾದದ್ದು. ಶಾಫ್ಟಿನ ಹೊರತುದಿ ಹಬ್ಬಿನೊಳಗೆ ತುಕ್ಕು ಹಿಡಿದು ಅಂಟಿಕೊಂಡು, ಸುತ್ತಿಗೆಗೂ ಜಗ್ಗುವುದಿಲ್ಲ. ಸಿಟ್ಟಿನಲ್ಲಿ ಹೊಡೆದು ಎಳೆಯುವಾಗ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಕರಾವಳಿಯ ಕಾರುಗಳಲ್ಲಿಯೂ ಹೀಗೆ ಆಗುವುದುಂಟೇ ಎಂಬ ಕುತೂಹಲ ನನಗಿದೆ.

ಕಾರ್ಕಳದ ಓದುಗಿ

ಉಡುಪಿ, ಕುಂದಾಪುರದ ಕಡಲಂಚಿನ ಕಾರುಗಳ ತಳ ತುಕ್ಕು ಹಿಡಿಯುವುದು ನಿಜ. ಆದರೆ ಶಾಫ್ಟ್ ಬಾರದಷ್ಟು ಅಂಟಿಕೊಂಡದ್ದನ್ನು ನಾನು ಕಂಡಿಲ್ಲ.

ಜೇಸಿ ರಸ್ತೆ

ಸೀಲ್ ತರುವವರಿಗೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ಎಂಟುನೂರರ ಆಕ್ಸಲ್ ಸೀಲ್’ ಎಂದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡಬಹುದು. ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂದು ಮೂರು ಅಂಕಿಗಳು ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ಹಳೆಯ ಸೀಲನ್ನು ಎಸೆಯದೆ ಕೊಂಡೊಯ್ದು ಆ ಅಂಕಿಗಳನ್ನು ತಾಳೆ ನೋಡಿ. ಕೆಲವು ಸೀಲುಗಳ ಮೇಲೆ ಬಾಣದ ಗುರುತಿರುತ್ತದೆ. ಶಾಫ್ಟ್ ಮುಂದಕ್ಕೆ ತಿರುಗುವಾಗ ಎಣ್ಣೆಯನ್ನು ಒಳಕ್ಕೆ ತಳ್ಳುವಂತೆ ತುಟಿಯಲ್ಲಿ ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ. ಅಂಥದ್ದು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಕೂರಿಸುವ ಮುನ್ನ ತುಟಿಗೆ ಗೇರ್ ಆಯಿಲ್ ಅಥವಾ ಗ್ರೀಸ್ ಸವರಬೇಕು, ಒಣ ತುಟಿ ಮೊದಲ ಹತ್ತು ಕಿಲೋಮೀಟರಿನಲ್ಲೇ ಸುಟ್ಟುಕೊಳ್ಳುತ್ತದೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಜನ ಸಮಯ ಕೊಟ್ಟು ಬರೆದದ್ದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡು, ಎರಡನೆಯ ಮೆಕ್ಯಾನಿಕ್ ಬಳಿ ಕಾರು ಒಯ್ದು, ಇಡೀ ದಿನ ಪಕ್ಕದಲ್ಲೇ ನಿಂತಿದ್ದೆ.

ಮೊದಲು ಸೋರುತ್ತಿರುವುದು ಯಾವುದು ಎಂದು ನೋಡಿದೆವು. ಬೆರಳಿಗೆ ಹತ್ತಿದ್ದು ತೆಳುವಾದ ಎಣ್ಣೆ, ಮೂಗಿನ ಹತ್ತಿರ ಹಿಡಿದರೆ ಗಂಧಕದ ಘಾಟು. ಬೂಟಿನ ಕಪ್ಪು ಗ್ರೀಸ್ ಅಲ್ಲ. ಬೂಟುಗಳು ಎರಡೂ ಚೆನ್ನಾಗಿದ್ದವು. ಎಣ್ಣೆ ಇಳಿಸಿ ಹೊಸ ಎಣ್ಣೆಯ ಡಬ್ಬದ ಪಕ್ಕ ಅಳೆದಾಗ ಮೂರನೆಯ ಒಂದು ಪಾಲು ಆಗಲೇ ಸೋರಿಹೋಗಿತ್ತು ಎಂದು ತಿಳಿದು ನನಗೆ ಗಾಬರಿಯಾಯಿತು.

ಜಾಯಿಂಟ್ ಎಳೆಯುವುದಕ್ಕೆ ಅವರು ಉದ್ದದ ಲಿವರ್ ತಂದಿದ್ದರು, ಅದು ಬೇಕಾಗಲೇ ಇಲ್ಲ. ಎರಡು ಕೈಯಲ್ಲಿ ಬಟ್ಟಲು ಹಿಡಿದು ಎಳೆದ ಕೂಡಲೇ ಬಂದುಬಿಟ್ಟಿತು. ಬಾಲದ ತುದಿಯಲ್ಲಿದ್ದ ಲಾಕ್ ಗೀರಿನೊಳಗೆ ಚಪ್ಪಟೆಯಾಗಿ ಮಲಗಿತ್ತು. ಉಗುರಿನಿಂದ ಒತ್ತಿ ಬಿಟ್ಟರೆ ಮೇಲೇಳುವ ಸ್ಪ್ರಿಂಗಿನ ಗುಣವೇ ಅದರಲ್ಲಿ ಉಳಿದಿರಲಿಲ್ಲ. ಸೀಲಿನ ತುಟಿಯಲ್ಲಿ ಒಂದು ಕಡೆ ಹಲ್ಲಿನ ಗಾತ್ರದ ಸೀಳು ಇತ್ತು. ಕ್ಲಚ್ ಕೆಲಸದ ದಿನ ಶಾಫ್ಟನ್ನು ಓರೆಯಾಗಿ ತುರುಕಿದಾಗ ಆದ ಗಾಯವದು ಎಂದು ಅವರು ತೋರಿಸಿದರು. ಬಲಗಡೆಯ ಶಾಫ್ಟನ್ನು ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಎಳೆದರೆ ಒಳಗಿನ ಸೈಡ್ ಗೇರ್‌ಗಳು ಜಾಗ ತಪ್ಪುವ ಸಂಭವವಿದೆಯಂತೆ.

ಕಾರ್ಕಳದ ಅಕ್ಕ ಹೇಳಿದ ಪರೀಕ್ಷೆಯನ್ನು ಅದಕ್ಕೂ ಮೊದಲೇ ಮಾಡಿದ್ದೆವು. ಗೇರ್‌ಬಾಕ್ಸ್ ಮೌಂಟಿಂಗಿನ ರಬ್ಬರ್ ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ‘ಟಕ್’ ಸದ್ದಿನ ಮೂಲ ಅದೇ. ಮೌಂಟಿಂಗ್, ಲಾಕ್, ಸೀಲ್ ಮೂರನ್ನೂ ಹೊಸದು ಹಾಕಿದೆವು. ಲಾಕಿಗೆ ಚೂರು ಗ್ರೀಸ್ ಹಚ್ಚಿ ಗೀರಿನ ನಡುವೆ ನಿಲ್ಲಿಸಿ, ಶಾಫ್ಟನ್ನು ನೇರವಾಗಿ ಹಿಡಿದು, ಒಮ್ಮೆಲೇ ಒಳಕ್ಕೆ ದೂಡಿದಾಗ ‘ಚಟ್’ ಎಂದು ಕೂತ ಸದ್ದು ನನ್ನ ಕಿವಿಗೂ ಕೇಳಿಸಿತು. ಆಮೇಲೆ ಬಟ್ಟಲು ಹಿಡಿದು ನಾನೇ ಎಳೆದು ನೋಡಿದೆ, ಬರಲಿಲ್ಲ. 75ಡಬ್ಲ್ಯು-90, ಜಿಎಲ್-4 ದರ್ಜೆಯ ಎಣ್ಣೆಯನ್ನು ಲೆವೆಲ್ ತೂತಿನಿಂದ ತೊಟ್ಟಿಕ್ಕುವ ತನಕ ತುಂಬಿಸಿದೆವು.

ಮೇಲೆ ಕೆಳಗೆ ಅಲುಗಾಟ ಈಗಲೂ ಇದೆ. ಬಲಗಡೆಯೂ ಅಷ್ಟೇ ಅಲುಗಾಡುತ್ತದೆ. ಡಿಫರೆನ್ಷಿಯಲ್ ಸವೆದಿದೆ ಎಂಬ ಮಾತನ್ನು ನಂಬಿ ಗೇರ್‌ಬಾಕ್ಸ್ ಬದಲಾಯಿಸಿದ್ದರೆ, ಹರಿದ ಮೌಂಟಿಂಗಿನ ಮೇಲೆ ಯಾರದೋ ಹಳೆಯ ಗೇರ್‌ಬಾಕ್ಸ್ ಕೂತಿರುತ್ತಿತ್ತು.

ಗ್ರೀಸ್ ಕೈ

ಬಹಳ ಸಂತೋಷ. ಹಬ್ ನಟ್ ಬಿಚ್ಚಿದ್ದರೆ ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದು ಹಾಕಿದರೇ, ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಿದರೇ ಎಂದು ಒಮ್ಮೆ ನೋಡಿ. ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬಿಚ್ಚಿದ್ದರೆ ಅದರ ಬೋಲ್ಟನ್ನೂ ಒಂದು ಸಲ ಸ್ಪ್ಯಾನರ್ ಹಾಕಿ ಪರೀಕ್ಷಿಸಿ. ಐನೂರು ಕಿಲೋಮೀಟರ್ ಆದ ಮೇಲೆ ಎಣ್ಣೆಯ ಮಟ್ಟವನ್ನು ಮತ್ತೆ ನೋಡಿಸಿ.

ತುಂಗಾತೀರ

ಪಿನ್ ಹೊಸದು, ಕಾಲು ಮಡಚಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬಾಲ್ ಜಾಯಿಂಟಿನ ಬೋಲ್ಟನ್ನು ಇವತ್ತು ಸಂಜೆ ನೋಡುತ್ತೇನೆ. ನಿನ್ನೆ ತಾಯಿಯವರೊಂದಿಗೆ ಮಣಿಪಾಲಕ್ಕೆ ಹೋಗಿ ಬಂದೆವು. ರಾತ್ರಿ ಕಾರಿನ ಕೆಳಗೆ ಹಾಸಿದ್ದ ರಟ್ಟು ಬೆಳಗ್ಗೆ ಒಣಗಿಯೇ ಇತ್ತು.